ಕಾಟಿಗೆ ಹೊಗೆ ಹಾಕುವವರು ಯಾರು?

ಕುವೆಂಪುನಗರ, ಮೈಸೂರು

ಪ್ರೀತಿಯ ಶಿವು,

ಹೇಗಿದ್ದೀಯಾ? ಅವ್ವನ ಮಂಡಿನೋವು ಈಗ ಹೇಗಿದೆ? ನಾಲೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ನೋಡಿದೆ. ನಾಟಿ ಕೆಲಸದಲ್ಲಿ ಮುಳುಗಿರುತ್ತೀಯಾ ಅಂತ ಗೊತ್ತು. ಆದರೂ ಈ ಪತ್ರ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, “ನಮ್ಮ ಕೊಟ್ಟಿಗೇಲಿ ಸಂಜೆ ಆದ್ರೆ ನೊಣ ಓಡಿಸೋಕೆ ಬೇವಿನ ಸೊಪ್ಪಿನ ಹೊಗೆ ಹಾಕ್ತೀವಿ. ಬಂಡೀಪುರದ ಕಾಟಿಗೆ ಯಾವನ್ಲಾ ಹೊಗೆ ಹಾಕ್ತಾನೆ?” ಅಂತ. ಕಾಟಿ, ಅಂದರೆ ಕಾಡುಕೋಣ. ನೀನು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಅದು ತಲೆಯಿಂದ ಹೋಗಲಿಲ್ಲ. ಈ ನೊಣಗಳ ಬಗ್ಗೆ ನಾನು ಓದಿಕೊಂಡು ಬಂದಿದ್ದೆಲ್ಲ ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು. ದನ ಕಟ್ಟಿರುವ ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ನಿನ್ನ ಗುಟ್ಟೇನೂ ಬರೆದಿಲ್ಲ, ಹೆದರಬೇಡ.

ಮೊದಲು ಯಾವ ನೊಣ ಅನ್ನೋದು. ನಿಮ್ಮ ಕೊಟ್ಟಿಗೆಯಲ್ಲಿ ಕಚ್ಚುವವು ಮುಖ್ಯವಾಗಿ ಎರಡು ಥರ. ಒಂದು, ದೊಡ್ಡ ಕಣ್ಣಿನ ದಪ್ಪ ನೊಣ. ಬಿಸಿಲು ಏರಿದ ಮೇಲೆ ಗುಂಯ್ ಅಂತ ಬರುತ್ತದಲ್ಲ, ಅದು. ಪುಸ್ತಕಗಳಲ್ಲಿ ಇದರ ಕುಟುಂಬಕ್ಕೆ ಟಬಾನಿಡ್ ಅನ್ನುತ್ತಾರೆ. ಇದರ ಮರಿಹುಳು ಬೆಳೆಯುವುದು ಹೆಚ್ಚಾಗಿ ನಾಲೆ ಬದಿಯ, ಕೆರೆ ಅಂಚಿನ ಒದ್ದೆ ಮಣ್ಣಿನಲ್ಲಿ. ಮಂಡ್ಯದಲ್ಲಿ ಅದಕ್ಕೇನು ಬರ. ಇನ್ನೊಂದು, ನೋಡಲು ಮನೆ ನೊಣದ ಹಾಗೇ ಇದ್ದು ದನದ ಕಾಲಿಗೆ ಕಚ್ಚುವ ಸ್ಟೊಮಾಕ್ಸಿಸ್. ಇದು ಹುಟ್ಟುವುದು ಸಗಣಿ, ಗಂಜಲ ಬೆರೆತು ಕೊಳೆತ ಹುಲ್ಲಿನಲ್ಲಿ. ದಪ್ಪ ನೊಣದಲ್ಲಿ ರಕ್ತ ಕುಡಿಯುವುದು ಹೆಣ್ಣು ಮಾತ್ರ, ಮೊಟ್ಟೆಗೆ ಬೇಕು ಅಂತ. ಗಂಡು ಹೂವಿನ ಮಕರಂದದಲ್ಲೇ ಕಾಲ ಹಾಕುತ್ತದೆ. ಸ್ಟೊಮಾಕ್ಸಿಸ್‌ನಲ್ಲಿ ಗಂಡು ಹೆಣ್ಣು ಎರಡೂ ಕಚ್ಚುತ್ತವೆ.

ಇಂಥ ನೊಣಗಳು ಪ್ರಾಣಿಯನ್ನು ಹೇಗೆ ಹುಡುಕುತ್ತವೆ ಅನ್ನುವುದನ್ನು ವಿಜ್ಞಾನಿಗಳು ತುಂಬಾ ಚೆನ್ನಾಗಿ ಕಲಿತದ್ದು ನಮ್ಮಲ್ಲಿ ಇಲ್ಲದ ಒಂದು ನೊಣದಿಂದ. ಆಫ್ರಿಕಾದ ತ್ಸೆತ್ಸೆ ನೊಣ. ಮನುಷ್ಯರಿಗೆ ನಿದ್ರೆ ಕಾಯಿಲೆ, ದನಗಳಿಗೆ ನಗಾನ ರೋಗ ಹರಡುವುದು ಇದೇ. ಹಾಗಾಗಿ ಅದರ ಬೆನ್ನು ಹತ್ತಿದವರು ತುಂಬಾ ಜನ. ಈಗಿನ ಜಿಂಬಾಬ್ವೆಯಲ್ಲಿ ಗ್ಲಿನ್ ವೇಲ್ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಪ್ರಯೋಗ ನನಗೆ ಭಾರಿ ಇಷ್ಟ. ನೆಲದೊಳಗೆ ಹಳ್ಳ ತೋಡಿಸಿ, ಅದರಲ್ಲಿ ಎತ್ತುಗಳನ್ನು ಇಟ್ಟು, ಮೇಲೆ ಮುಚ್ಚಿಸಿದ. ಒಳಗಿನ ಗಾಳಿಯನ್ನು ಫ್ಯಾನ್ ಹಾಕಿ ಕೊಳವೆಯಲ್ಲಿ ಹೊರಗೆ ಬಿಟ್ಟ. ಹೊರಗೆ ನಿಂತರೆ ಎತ್ತು ಕಾಣಿಸುವುದಿಲ್ಲ, ಬರೀ ವಾಸನೆ. ಸುತ್ತ ಕಣ್ಣಿಗೆ ಬೀಳದಷ್ಟು ಸಣ್ಣ ವಿದ್ಯುತ್ ತಂತಿಯ ಬಲೆ. ಬಂದ ನೊಣ ತಗುಲಿ ಕೆಳಗೆ ಬೀಳುತ್ತಿತ್ತು, ಎಣಿಸಿಕೊಳ್ಳುತ್ತಿದ್ದರು. ಏನೂ ಕಾಣಿಸದಿದ್ದರೂ ನೊಣಗಳು ಬಂದವು.

ಹಾಗಾದರೆ ಆ ವಾಸನೆಯಲ್ಲಿ ಏನಿದೆ? ಉಸಿರಿನ ಕಾರ್ಬನ್ ಡೈಆಕ್ಸೈಡ್ ಇದೆ. ಅಸಿಟೋನ್ ಇದೆ. ದನದ ಉಸಿರಿನಲ್ಲೇ ಇರುವ ಆಕ್ಟೆನಾಲ್ ಅನ್ನುವ ವಸ್ತು ಇದೆ. ಅಣಬೆಯ ವಾಸನೆಗೂ ಅದೇ ಕಾರಣ ಅಂತೆ, ನೋಡು. ಇವುಗಳ ಜೊತೆಗೆ ಗಂಜಲ. ಹಸಿ ಗಂಜಲಕ್ಕಿಂತ ಹಳೆಯ ಗಂಜಲ ಜಾಸ್ತಿ ಎಳೆಯುತ್ತದೆ, ಯಾಕೆಂದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದ ಮೇಲೆ ಫೀನಾಲ್ ಜಾತಿಯ ವಸ್ತುಗಳು ಬಿಡುಗಡೆ ಆಗುತ್ತವೆ. ಆಫ್ರಿಕಾದಲ್ಲಿ ನೊಣದ ಬಲೆ ಪಕ್ಕ ದನದ ಗಂಜಲದ ಬಾಟಲಿ ಇಡುವುದು ಇದಕ್ಕೇ. ನಮ್ಮ ದಪ್ಪ ನೊಣಕ್ಕೂ ಈ ಕಾರ್ಬನ್ ಡೈಆಕ್ಸೈಡ್, ಆಕ್ಟೆನಾಲ್ ಎಲ್ಲ ಹಿಡಿಸುತ್ತವೆ.

ವಾಸನೆ ಸಿಕ್ಕ ನೊಣ ಗಾಳಿಗೆ ಎದುರಾಗಿ ಹಾರುತ್ತದೆ. ಆದರೆ ಕಾಡಿನಲ್ಲಿ ಗಾಳಿ ನೆಟ್ಟಗೆ ಬೀಸುವುದಿಲ್ಲ. ಮರ, ಪೊದೆ, ಗುಡ್ಡಕ್ಕೆ ತಾಗಿ ವಾಸನೆ ತುಂಡು ತುಂಡಾಗಿ ಬರುತ್ತದೆ. ಒಂದು ತುಂಡು ಸಿಕ್ಕರೆ ನೊಣ ಮುಂದೆ ಹೋಗುತ್ತದೆ. ತಪ್ಪಿತು ಅಂದರೆ ತಿರುಗಿ ಹುಡುಕುತ್ತದೆ. ಮತ್ತೆ ಸಿಕ್ಕರೆ ಮತ್ತೆ ಎದುರುಗಾಳಿ. ಹೀಗೆ ಅಡ್ಡಾಡುತ್ತ ಅಡ್ಡಾಡುತ್ತ ಹತ್ತಿರ ಬರುತ್ತದೆ.

ವಾಸನೆ ಅಂದರೆ ಬರೀ ಕರೆಯುವ ವಾಸನೆ ಅಂದುಕೊಳ್ಳಬೇಡ, ಓಡಿಸುವುದೂ ಇದೆ. ಆಫ್ರಿಕಾದಲ್ಲಿ ವಾಟರ್‌ಬಕ್ ಅಂತ ಒಂದು ದೊಡ್ಡ ಹುಲ್ಲೆ ಇದೆ. ತ್ಸೆತ್ಸೆ ಇರುವ ಜಾಗದಲ್ಲೇ ಮೇಯುತ್ತದೆ. ಆದರೆ ನೊಣದ ಹೊಟ್ಟೆ ಸೀಳಿ ಯಾವ ಪ್ರಾಣಿಯ ರಕ್ತ ಅಂತ ಪರೀಕ್ಷೆ ಮಾಡಿದರೆ ಇದರ ರಕ್ತ ಸಿಗುವುದೇ ಅಪರೂಪ. ಅದರ ಮೈವಾಸನೆಯೇ ನೊಣಕ್ಕೆ ಆಗುವುದಿಲ್ಲ. ನೈರೋಬಿಯ ಐಸಿಐಪಿಇ ಅನ್ನುವ ಕೀಟ ಸಂಶೋಧನಾ ಸಂಸ್ಥೆಯವರು ಆ ವಾಸನೆಯ ವಸ್ತುಗಳನ್ನು ಬೇರ್ಪಡಿಸಿ, ಸಣ್ಣ ಡಬ್ಬಿಯಲ್ಲಿ ತುಂಬಿ, ದನದ ಕೊರಳಿಗೆ ಕಟ್ಟಿದರು. ಕೀನ್ಯಾದ ದನಗಾಹಿಗಳ ಹಿಂಡುಗಳಲ್ಲಿ ಪರೀಕ್ಷೆ ಮಾಡಿದಾಗ ರೋಗ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. 2017ರಲ್ಲಿ ಇದು ಪ್ರಕಟವಾಯಿತು. ಒಂದು ಹುಲ್ಲೆಯ ಮೈವಾಸನೆ ಹಸುವಿನ ಕೊರಳಲ್ಲಿ! ನಮ್ಮಲ್ಲಿ ಕಡವೆಯನ್ನೋ ಜಿಂಕೆಯನ್ನೋ ಯಾರಾದರೂ ಹೀಗೆ ಮೂಸಿ ನೋಡಬಾರದಾ ಅಂತ ನನಗೆ ಆಸೆ.

ಹತ್ತಿರ ಬಂದ ಮೇಲೆ ಕಣ್ಣಿನ ಕೆಲಸ. ದೊಡ್ಡದಾಗಿ, ಕಪ್ಪಾಗಿ, ಅಲ್ಲಾಡುತ್ತಿರುವ ಯಾವುದೇ ಆಕಾರ ನೊಣಕ್ಕೆ ಪ್ರಾಣಿಯೇ. ತ್ಸೆತ್ಸೆ ಇರುವ ಕಾಡಿನಲ್ಲಿ ಜೀಪ್ ಓಡಿಸಿದರೆ ನೊಣಗಳು ಜೀಪಿನ ಹಿಂದೆ ಓಡಿ ಬರುತ್ತವೆ. ಅದರ ಕಣ್ಣಿಗೆ ನೀಲಿ ಬಣ್ಣ ಅಂದರೆ ಪ್ರಾಣ. ಹಾಗಾಗಿ ನೀಲಿ ಮತ್ತು ಕಪ್ಪು ಬಟ್ಟೆಗೆ ಔಷಧ ಹಾಕಿ ಕಾಡಿನಲ್ಲಿ ನಿಲ್ಲಿಸುತ್ತಾರೆ. ನೀಲಿ ಕರೆಯುತ್ತದೆ, ಕಪ್ಪಿನ ಮೇಲೆ ನೊಣ ಕೂರುತ್ತದೆ, ಸಾಯುತ್ತದೆ. ಸಫಾರಿಗೆ ನೀಲಿ ಅಂಗಿ ಹಾಕಬೇಡಿ ಅಂತ ಅಲ್ಲಿ ಹೇಳುವುದು ಇದಕ್ಕೇ.

ಈಗ ನಿನ್ನ ಎಮ್ಮೆ ವಿಷಯ. ಪಕ್ಕದಲ್ಲೇ ಕಟ್ಟಿರುವ ಹಳ್ಳಿಕಾರ್ ಹಸುವಿಗಿಂತ ಎಮ್ಮೆಗೇ ಯಾಕೆ ಜಾಸ್ತಿ ಮುತ್ತುತ್ತವೆ ಅಂತ ಒಂದು ಸಲ ಕೇಳಿದ್ದೆ ನೀನು. ಹಂಗೆರಿಯ ಗಾಬೊರ್ ಹೊರ್ವಾಥ್ ಮತ್ತು ಜೊತೆಯವರು ಇದನ್ನೇ ಕುದುರೆಗಳ ಮೇಲೆ ನೋಡಿದರು. ದಪ್ಪ ನೊಣದ ಕಣ್ಣಿಗೆ ನಮಗೆ ಕಾಣದ ಒಂದು ವಿಷಯ ಕಾಣುತ್ತದೆ. ನೀರಿನ ಮೇಲೆ ಬಿದ್ದು ವಾಪಸ್ ಬರುವ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಅದನ್ನು ನೋಡಿ ನೊಣ ನೀರು ಎಲ್ಲಿದೆ ಅಂತ ತಿಳಿಯುತ್ತದೆ. ಮಿಂಚುವ ಕಪ್ಪು ತೊಗಲಿನಿಂದ ಬರುವ ಬೆಳಕೂ ಹಾಗೇ ಇರುತ್ತದೆ. ಬಿಳಿ ಮೈಯಿಂದ ಬರುವ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದಕ್ಕೇ ಬಿಳಿ ಕುದುರೆಗೆ ನೊಣದ ಕಾಟ ಕಡಿಮೆ, ಕಪ್ಪು ಕುದುರೆಗೆ ಜಾಸ್ತಿ. ಈ ಕೆಲಸಕ್ಕೆ 2016ರಲ್ಲಿ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಾಲೆಯಿಂದ ಎದ್ದು ಬಂದ ಎಮ್ಮೆ ಬಿಸಿಲಲ್ಲಿ ಹೇಗೆ ಹೊಳೆಯುತ್ತದೆ ಅಂತ ನಿನಗೆ ನಾನು ಹೇಳಬೇಕಾ?

ಹಾಗಾದರೆ ಕಾಡಿನ ಪ್ರಾಣಿ ಏನು ಮಾಡುತ್ತದೆ? ಬಣ್ಣ ಬದಲಾಯಿಸಿಕೊಳ್ಳಲು ಆಗುವುದಿಲ್ಲವಲ್ಲ. ಆದರೆ ಒಂದು ಪ್ರಾಣಿಗೆ ನೊಣ ತಡೆಯುವ ಬಣ್ಣದ ಭಾಗ್ಯ ಹುಟ್ಟಿನಿಂದಲೇ ಇದೆ, ಜೀಬ್ರಾ. ನಮ್ಮ ಮೈಸೂರು ಝೂನಲ್ಲಿ ಶಾಲೆ ಮಕ್ಕಳು ಜೀಬ್ರಾ ಮುಂದೆ ನಿಂತು ಇದಕ್ಕೆ ಪಟ್ಟೆ ಯಾಕೆ ಅಂತ ಕೇಳಿದರೆ ಮೇಷ್ಟ್ರು, ಸಿಂಹಕ್ಕೆ ಕಾಣದಿರಲಿ ಅಂತ ಅನ್ನುತ್ತಾರೆ. ಟಿಮ್ ಕ್ಯಾರೊ ಅನ್ನುವ ವಿಜ್ಞಾನಿ ನೊಣದ ಕಡೆ ಬೊಟ್ಟು ಮಾಡುತ್ತಾನೆ. ಅವನ ತಂಡ ಇಂಗ್ಲೆಂಡಿನ ಒಂದು ಲಾಯದಲ್ಲಿ ಜೀಬ್ರಾ ಮತ್ತು ಕುದುರೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ವಿಡಿಯೊ ಮಾಡಿ, 2019ರಲ್ಲಿ ಪ್ರಕಟಿಸಿತು. ಎರಡರ ಹತ್ತಿರವೂ ನೊಣಗಳು ಒಂದೇ ಥರ ಬಂದವು. ಅಂದರೆ ದೂರದಿಂದ ಪಟ್ಟೆ ಏನೂ ತಡೆಯುವುದಿಲ್ಲ. ಆದರೆ ಇಳಿಯುವ ಹೊತ್ತಿನಲ್ಲಿ ಎಡವಟ್ಟು. ಕುದುರೆಯ ಹತ್ತಿರ ಬಂದ ನೊಣ ವೇಗ ತಗ್ಗಿಸಿ ಮೆಲ್ಲಗೆ ಕೂರುತ್ತದೆ. ಜೀಬ್ರಾ ಹತ್ತಿರ ವೇಗ ತಗ್ಗಿಸದೆ ಹಾಗೇ ದಾಟಿ ಹೋಗುತ್ತದೆ, ಇಲ್ಲವಾದರೆ ಡಿಕ್ಕಿ ಹೊಡೆಯುತ್ತದೆ. ಆಮೇಲೆ ಕುದುರೆಗಳಿಗೇ ಪಟ್ಟೆ ಬಟ್ಟೆ ಹೊದಿಸಿ ನೋಡಿದರು. ಬಟ್ಟೆ ಮುಚ್ಚಿದ ಮೈ ಮೇಲೆ ಕೂತ ನೊಣ ಕಡಿಮೆಯಾಯಿತು. ಬಟ್ಟೆ ಇಲ್ಲದ ತಲೆಯ ಮೇಲೆ ಮಾತ್ರ ಎಂದಿನಷ್ಟೇ ಕೂತವು. ನನ್ನನ್ನು ಒಪ್ಪಿಸಿದ್ದು ಈ ತಲೆಯ ಲೆಕ್ಕವೇ. ನೊಣ ಅದೇ, ಕುದುರೆ ಅದೇ, ವಾಸನೆ ಅದೇ. ಬೇರೆಯಾದದ್ದು ಬಟ್ಟೆ ಒಂದೇ.

ಅದೇ ವರ್ಷ ಜಪಾನಿನವರು ಪ್ರಕಟಿಸಿದ ಪ್ರಯೋಗದಲ್ಲಿ ಕಪ್ಪು ಹಸುಗಳಿಗೆ ಬಿಳಿ ಬಣ್ಣದಲ್ಲಿ ಪಟ್ಟೆ ಬಳಿದಿದ್ದರು. ಕಚ್ಚುವ ನೊಣ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಬಾಲ ಬೀಸುವುದು, ಕಾಲು ಝಾಡಿಸುವುದೂ ಕಡಿಮೆಯಾಯಿತು. ಅವರಿಗೂ 2025ರಲ್ಲಿ ಇಗ್ ನೊಬೆಲ್ ಬಂತು. ನೀನು ಈಗ ಸುಣ್ಣದ ಡಬ್ಬಿ ಹುಡುಕಲು ಹೋಗಬೇಡ ಮತ್ತೆ. ಊರವರು ನಿನ್ನನ್ನು ಬಿಡುವುದಿಲ್ಲ.

ಪಟ್ಟೆ ಮಾತ್ರ ಅಲ್ಲ, ಚುಕ್ಕೆಯೂ ಕೆಲಸ ಮಾಡುತ್ತದೆ. ಹೊರ್ವಾಥ್ ತಂಡದವರೇ ಚುಕ್ಕೆ ಇರುವ ಬೊಂಬೆಗಳನ್ನು ಇಟ್ಟು ನೋಡಿ, 2012ರಲ್ಲಿ ಪ್ರಕಟಿಸಿದರು. ಚುಕ್ಕೆ ಹೆಚ್ಚಾದಷ್ಟೂ ದಪ್ಪ ನೊಣಗಳು ಬರುವುದು ಕಡಿಮೆಯಾಯಿತು. ನನಗೆ ತಕ್ಷಣ ನೆನಪಾದದ್ದು ಬಂಡೀಪುರದ ರಸ್ತೆ ಬದಿಯ ಜಿಂಕೆ ಹಿಂಡು. ಜಿಂಕೆಯ ಚುಕ್ಕೆ ಎಲೆ ನಡುವೆ ಬಿಸಿಲಿನಲ್ಲಿ ಮರೆಯಾಗಲು ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಒಂದು ಅಂಗಿಯಿಂದ ಎರಡು ಕೆಲಸ ಆದರೆ ಬೇಡ ಅನ್ನುವವರು ಯಾರು?

ಕಾಟಿಗೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಗಂಡು ಕಾಟಿ ಅಂತೂ ಕಪ್ಪಗೆ, ದೊಡ್ಡದಾಗಿ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ. ನೊಣದ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಗುರಿ ಸಿಗಲಿಕ್ಕಿಲ್ಲ. ಅಲ್ಲಿಂದ ಮುಂದಿನದ್ದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ವಾಸನೆ ಮತ್ತು ಕಣ್ಣು ನೊಣವನ್ನು ಪ್ರಾಣಿಯ ಹತ್ತಿರ ತರುತ್ತವೆ, ಅಷ್ಟೇ. ರಕ್ತ ಸಿಗುತ್ತದೋ ಇಲ್ಲವೋ ಅನ್ನುವುದು ಆ ಪ್ರಾಣಿಯ ಬಾಲ, ಕಿವಿ, ತೊಗಲು, ಗೊರಸಿಗೆ ಬಿಟ್ಟದ್ದು.

ದಪ್ಪ ನೊಣ ಕಚ್ಚುವ ರೀತಿಯೇ ಒರಟು. ಸೊಳ್ಳೆ ಗೊತ್ತಾಗದ ಹಾಗೆ ಚುಚ್ಚಿ ನೇರವಾಗಿ ರಕ್ತನಾಳಕ್ಕೆ ಬಾಯಿ ಹಾಕುತ್ತದೆ. ಇದು ಬ್ಲೇಡಿನಂಥ ಬಾಯಿಯಿಂದ ತೊಗಲನ್ನು ಕೊಯ್ಯುತ್ತದೆ. ಗಾಯದಲ್ಲಿ ರಕ್ತ ತುಂಬಿಕೊಳ್ಳುತ್ತದೆ, ಅದನ್ನು ಹೀರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಎಂಜಲು ಬಿಡುತ್ತದೆ. ಕೊಯ್ದರೆ ನೋವಾಗುತ್ತದೆ. ನೋವಾದರೆ ಪ್ರಾಣಿ ಸುಮ್ಮನಿರುವುದಿಲ್ಲ. ಹಾಗಾಗಿ ಕೂತ ನೊಣಕ್ಕೆಲ್ಲ ಹೊಟ್ಟೆ ತುಂಬುವುದಿಲ್ಲ.

ದನ, ಕಾಟಿ, ಕುದುರೆಗೆ ತೊಗಲಿನ ಕೆಳಗೆ ಒಂದು ತೆಳು ಸ್ನಾಯು ಇರುತ್ತದೆ. ಮೈ ಅಲ್ಲಾಡಿಸದೆ ತೊಗಲನ್ನಷ್ಟೇ ನಡುಗಿಸುವುದು ಅದರಿಂದ. ಬಾಲ ಹಿಂಭಾಗ ನೋಡಿಕೊಳ್ಳುತ್ತದೆ, ಕಿವಿ ಮುಖ ನೋಡಿಕೊಳ್ಳುತ್ತದೆ, ತಲೆ ತಿರುಗಿಸಿ ಭುಜದ ಮೇಲಿನದನ್ನು ಓಡಿಸುತ್ತದೆ. ಕಾಲು ಮಾತ್ರ ಅನಾಥ. ಅದಕ್ಕೇ ಸ್ಟೊಮಾಕ್ಸಿಸ್ ಕಾಲಿಗೆ ಕಚ್ಚುವುದು. ದನ ಸುಮ್ಮಸುಮ್ಮನೆ ಕಾಲು ನೆಲಕ್ಕೆ ಕುಟ್ಟುತ್ತಿದ್ದರೆ ಬಗ್ಗಿ ನೋಡು, ಕಾಣುತ್ತದೆ.

ಜಿಂಬಾಬ್ವೆಯವರು ಇದನ್ನೂ ಅಳೆದರು. ಒಂದು ಹಿಂಡಿನಲ್ಲಿ ತ್ಸೆತ್ಸೆ ಯಾರ ರಕ್ತ ಕುಡಿಯುತ್ತದೆ? ಎಳೆ ಕರುಗಳದ್ದಲ್ಲ. ಕರುಗಳು ಚಿಕ್ಕವು, ಮೇಲಾಗಿ ಒಂದು ಗಳಿಗೆ ಸುಮ್ಮನೆ ನಿಲ್ಲುವುದಿಲ್ಲ. ದೊಡ್ಡ, ವಯಸ್ಸಾದ, ತಾಳ್ಮೆಯ ದನಗಳದ್ದೇ ಹೆಚ್ಚು. ಅದೂ ಬಹುಪಾಲು ಕಾಲಿನಿಂದ. ಆಮೇಲೆ ಅವರು ಇಡೀ ಹಿಂಡಿಗೆ ಮೈತುಂಬಾ ಔಷಧ ಹೊಡೆಯುವ ಬದಲು ದೊಡ್ಡ ದನಗಳ ಕಾಲು ಮತ್ತು ಹೊಟ್ಟೆಗೆ ಮಾತ್ರ ಹೊಡೆಯುವ ಪದ್ಧತಿ ತಂದರು. ಔಷಧ ಉಳಿಯಿತು, ದುಡ್ಡು ಉಳಿಯಿತು, ಸಗಣಿ ತಿನ್ನುವ ಜೀರುಂಡೆಗಳಿಗೂ ಅಷ್ಟು ಪೆಟ್ಟು ಬೀಳಲಿಲ್ಲ.

ಇನ್ನು ಹಿಂಡು. ವೇಲ್ ಅವರ ಹಳ್ಳದ ಪ್ರಯೋಗದಂಥದ್ದನ್ನೇ ಆಮೇಲೆ ಹೆಚ್ಚು ದನ ಇಟ್ಟೂ ಮಾಡಿದರು. ದನ ಜಾಸ್ತಿಯಾದಷ್ಟೂ ನೊಣ ಜಾಸ್ತಿ ಬಂದವು, ಆದರೆ ಅದೇ ಲೆಕ್ಕದಲ್ಲಿ ಅಲ್ಲ. ದನ ಎರಡರಷ್ಟಾದರೆ ನೊಣ ಎರಡರಷ್ಟಾಗಲಿಲ್ಲ. ಹಾಗಾಗಿ ಒಂದೊಂದು ದನಕ್ಕೆ ಬೀಳುವ ಪಾಲು ಕಡಿಮೆಯಾಗುತ್ತದೆ. ಫ್ರಾನ್ಸಿನ ಕಮಾರ್ಗ್ ಜೌಗು ಪ್ರದೇಶದ ಕುದುರೆಗಳಲ್ಲೂ ಇದನ್ನೇ ಕಂಡರು. ದೊಡ್ಡ ಗುಂಪಿನ ಕುದುರೆಗೆ ನೊಣದ ದಾಳಿ ಕಡಿಮೆ. ಬಿಸಿಲು ಹೊತ್ತಿನಲ್ಲಿ ಕಾಟಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದರೆ ಅದು ಪ್ರೀತಿ ಅಂತ ಫೋಟೊ ಹಾಕುವವರಿಗೆ ಈ ಲೆಕ್ಕವನ್ನೂ ಹೇಳಬೇಕು ಅನ್ನಿಸುತ್ತದೆ. ನಡುವೆ ನಿಂತವರಿಗೆ ಲಾಭ, ಅಂಚಿನಲ್ಲಿ ನಿಂತವರಿಗೆ ನಷ್ಟ.

ಕೆಸರಿನ ವಿಷಯ ನಿನಗೆ ಗೊತ್ತಿರುವುದೇ. ಕಡವೆ, ಕಾಡುಹಂದಿ, ಆನೆ ಎಲ್ಲವೂ ಹೊರಳುತ್ತವೆ. ಒಣಗಿದ ಕೆಸರಿನ ಪದರದ ಮೂಲಕ ಕೊಯ್ಯುವುದು ನೊಣಕ್ಕೆ ಸುಲಭ ಅಲ್ಲ. ಮೈಯ ಹೊಳಪೂ ಹೋಗುತ್ತದೆ.

ಆನೆ ಮಾತ್ರ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ದಸರಾ ಆನೆಗಳು ಅರಮನೆ ಅಂಗಳಕ್ಕೆ ಬಂದಾಗ ಗಮನಿಸು. ಮಾವುತ ಮುಂದೆ ಹಾಕಿದ ಸೊಪ್ಪಿನಲ್ಲಿ ಒಂದು ಕೊಂಬೆ ಉಳಿಸಿಕೊಂಡು ಸೊಂಡಿಲಲ್ಲಿ ಹಿಡಿದು ಬೆನ್ನಿಗೆ, ಪಕ್ಕೆಗೆ ಬೀಸಿಕೊಳ್ಳುತ್ತಿರುತ್ತದೆ. ಲಿನೆಟ್ ಮತ್ತು ಬೆಂಜಮಿನ್ ಹಾರ್ಟ್ ಅನ್ನುವ ದಂಪತಿ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೊಂಬೆ ಬೀಸಿದರೆ ನೊಣ ನಿಜಕ್ಕೂ ಕಡಿಮೆಯಾಗುತ್ತದೆ ಅಂತ ತೋರಿಸಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಹೋದರು. ಪಳಗಿದ 13 ಏಷ್ಯಾ ಆನೆಗಳಿಗೆ ಬೇಕೆಂದೇ ತೀರಾ ಉದ್ದದ, ಪೊದೆಯಂಥ ಕೊಂಬೆ ಕೊಟ್ಟರು. ಹಾಗೇ ಬೀಸಲು ಆಗುವುದಿಲ್ಲ. 8 ಆನೆಗಳು ಅದನ್ನು ತಮಗೆ ಬೇಕಾದಷ್ಟು ಗಿಡ್ಡ ಮಾಡಿಕೊಂಡು ಬೀಸಿದವು. ಕೊಂಬೆಯ ಬುಡವನ್ನು ಮುಂಗಾಲಲ್ಲಿ ತುಳಿದು, ಸೊಂಡಿಲಲ್ಲಿ ಪಕ್ಕದ ರೆಂಬೆ ಕೀಳುವುದೇ ಹೆಚ್ಚಿನವು ಮಾಡಿದ ಉಪಾಯ. 2001ರಲ್ಲಿ ಇದು ಪ್ರಕಟವಾಯಿತು. ಸಲಕರಣೆ ಬಳಸುವುದು ಬೇರೆ, ಸಲಕರಣೆ ಮಾಡಿಕೊಳ್ಳುವುದು ಬೇರೆ. ನೊಣದ ಕಾಟಕ್ಕೆ ಆನೆ ಅಲ್ಲಿವರೆಗೂ ಹೋಗಿದೆ.

ಇಷ್ಟೆಲ್ಲ ಓಡಿಸುವುದರಲ್ಲಿ ಒಂದು ಅಪಾಯವೂ ಇದೆ ಕಣೋ. ಅರ್ಧ ಕುಡಿದು ಎದ್ದ ನೊಣ ಹಸಿದೇ ಇರುತ್ತದೆ. ತಕ್ಷಣ ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ. ಬಾಯಲ್ಲಿ ಮೊದಲಿನ ಪ್ರಾಣಿಯ ಹಸಿ ರಕ್ತ ಅಂಟಿರುತ್ತದೆ. ಸರ್ರಾ ರೋಗ ಹರಡುವುದು ಹೀಗೆ. ಅದರ ಪರೋಪಜೀವಿ ನೊಣದ ಒಳಗೆ ಬೆಳೆಯುವುದಿಲ್ಲ, ಸುಮ್ನೆ ಸವಾರಿ ಮಾಡುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಅನ್ನುವ ಸೈನ್ಯದ ಪಶುವೈದ್ಯ ಇದನ್ನು ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದ. ಆಗ ಅವಿಭಜಿತ ಪಂಜಾಬಿನಲ್ಲಿದ್ದ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ. ದನ, ಎಮ್ಮೆಯಲ್ಲಿ ಎಷ್ಟೋ ಸಲ ಇದು ಒಳಗೇ ಇದ್ದು ತೋರಿಸಿಕೊಳ್ಳುವುದಿಲ್ಲ. ಕುದುರೆ, ಒಂಟೆ, ನಾಯಿ, ಹುಲಿಗೆ ಬಂದರೆ ಪ್ರಾಣಕ್ಕೇ ಬರುತ್ತದೆ. 2000ನೇ ಇಸವಿಯಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಇದೇ ಪರೋಪಜೀವಿಯಿಂದ. 2022ರಲ್ಲಿ ನಮ್ಮ ಕಡೆ ದನಗಳಿಗೆ ಚರ್ಮಗಂಟು ರೋಗ ಬಂತಲ್ಲ, ಅದರ ವೈರಸ್ಸನ್ನೂ ಸ್ಟೊಮಾಕ್ಸಿಸ್, ಸೊಳ್ಳೆಗಳು ಹೀಗೆ ಬಾಯಲ್ಲೇ ಹೊತ್ತು ಹಾಕುತ್ತವೆ.

ನಿನ್ನ ಕೊಟ್ಟಿಗೆಗೆ ನಾನು ಹೇಳುವುದು ಇಷ್ಟು. ಹೊಗೆ ಹಾಕು, ಬೇಡ ಅನ್ನುವುದಿಲ್ಲ. ಆದರೆ ಕರು ಕಣ್ಣಲ್ಲಿ ನೀರು ಬರುವಷ್ಟು ಬೇಡ. ಅದಕ್ಕಿಂತ ಮುಖ್ಯ, ಗಂಜಲ ನಿಲ್ಲದ ಹಾಗೆ ಚರಂಡಿ ಮಾಡಿಸು. ಗೋದಲಿ ಹಿಂದೆ ಕೊಳೆಯುವ ಹುಲ್ಲನ್ನು ವಾರಕ್ಕೊಮ್ಮೆಯಾದರೂ ತಿಪ್ಪೆಗೆ ಎಳೆಸು, ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಇಡು. ಔಷಧ ಹೊಡೆಯುವುದಾದರೆ ಪಶುವೈದ್ಯರನ್ನು ಕೇಳಿ ಹೊಡೆ. ಬೆನ್ನಿಗೆ ಹೊಡೆದು ಕೈ ತೊಳೆಯಬೇಡ, ಕಾಲು ಮತ್ತು ಹೊಟ್ಟೆಯ ಕೆಳಗೆ ಹೊಡೆ. ಎಮ್ಮೆಯನ್ನು ಮಧ್ಯಾಹ್ನ ನೆರಳಿಗೆ ಕಟ್ಟು. ದಪ್ಪ ನೊಣಕ್ಕೆ ಬಿಸಿಲೇ ಇಷ್ಟ.

ಮತ್ತೆ ನಿಮ್ಮ ಕರಿಯನ ಮೇಲೆ ಒಂದು ಕಣ್ಣಿರಲಿ. ಕೊಟ್ಟಿಗೆ ಬಾಗಿಲಲ್ಲೇ ಮಲಗುವ ನಾಯಿ ಅದು. ಬಿಟ್ಟು ಬಿಟ್ಟು ಜ್ವರ ಬಂದು, ಮೈ ಸೊರಗಿ, ಕಣ್ಣುಗುಡ್ಡೆ ಮೇಲೆ ಬೆಳ್ಳಗೆ ಮಂಜು ಕವಿದ ಹಾಗೆ ಕಂಡರೆ ತಡ ಮಾಡಬೇಡ. ರಕ್ತ ಪರೀಕ್ಷೆ ಮಾಡಿಸಿ, ಸರ್ರಾ ಇದೆಯಾ ನೋಡಿ ಅಂತ ನೀನೇ ಡಾಕ್ಟರಿಗೆ ಹೇಳು. ಬೇಗ ಗೊತ್ತಾದರೆ ಅದಕ್ಕೆ ಔಷಧ ಇದೆ.

ಅವ್ವನಿಗೆ ನಮಸ್ಕಾರ ತಿಳಿಸು. ನಾಟಿ ಮುಗಿದ ಮೇಲೆ ಫೋನ್ ಮಾಡು.

ಇಂತಿ ನಿನ್ನ,
ಮಹೇಶ